ಒಂದು ಕೊಳವೆಬಾವಿ, ಹತ್ತು ಕಚೇರಿ

ಬೇಸಿಗೆ ಬಂತೆಂದರೆ ಕೋಲಾರ ಜಿಲ್ಲೆಯ ಹಳ್ಳಿಗಳ ರಾತ್ರಿಗೆ ಒಂದು ಹೊಸ ಸದ್ದು ಸೇರಿಕೊಳ್ಳುತ್ತದೆ. ಅದು ರಿಗ್ ಯಂತ್ರದ ಸದ್ದು. ತೋಟದ ಮೂಲೆಯಲ್ಲಿ ಲಾರಿ ನಿಂತಿರುತ್ತದೆ, ಪೈಪಿನ ಮೇಲೆ ಪೈಪು ನೆಲದೊಳಗೆ ಇಳಿಯುತ್ತಿರುತ್ತದೆ. ಮನೆಯ ಯಜಮಾನ ಕಂಬಳಿ ಹೊದ್ದು ಬದುವಿನ ಮೇಲೆ ಕುಳಿತು, ಬಾಯಿಯಿಂದ ಹೊರಬೀಳುವ ಪುಡಿಯನ್ನೇ ನೋಡುತ್ತಿರುತ್ತಾನೆ. ಪುಡಿ ಒದ್ದೆಯಾದರೆ ಸಂಸಾರಕ್ಕೆ ಜೀವ ಬಂದಂತೆ. ಐನೂರು ಅಡಿ, ಎಂಟುನೂರು ಅಡಿ, ಸಾವಿರ ಅಡಿ ದಾಟಿದರೂ ಬೂದುಬಣ್ಣದ ಕಲ್ಲಿನ ಹುಡಿಯೇ ಹಾರುತ್ತಿದ್ದರೆ, ಬೆಳಗಾಗುವ ಹೊತ್ತಿಗೆ ಲಕ್ಷಾಂತರ ರೂಪಾಯಿ ನೆಲದ ಪಾಲು. ಆ ಹಣ ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟದ್ದೂ ಆಗಿರಬಹುದು, ಕೈಸಾಲವೂ ಆಗಿರಬಹುದು.

ಇಷ್ಟು ಕಷ್ಟಪಟ್ಟು ಹುಡುಕುವ ಆ ನೀರು ಯಾರದ್ದು? ಜಮೀನಿನ ಒಡೆಯನದ್ದೇ? ಪಕ್ಕದ ಹೊಲದವನದ್ದೂ ಹೌದೇ? ಊರಿನದ್ದೇ? ಸರ್ಕಾರದ್ದೇ? ವಿದ್ಯಾರ್ಥಿಗಳಿಗೆ ಇದು ಪೌರನೀತಿಯ ಪ್ರಶ್ನೆ, ಭೂಗೋಳದ ಪ್ರಶ್ನೆ, ವಿಜ್ಞಾನದ ಪ್ರಶ್ನೆ; ತಂದೆತಾಯಿಯರಿಗೆ ಬದುಕಿನ ಪ್ರಶ್ನೆ.

ಮೊದಲು ವಿಜ್ಞಾನ. ಅಂತರ್ಜಲ ಎಂದೊಡನೆ ನೆಲದಡಿಯಲ್ಲಿ ಹರಿಯುವ ನದಿಯನ್ನೋ ತುಂಬಿದ ಸರೋವರವನ್ನೋ ಕಲ್ಪಿಸಿಕೊಳ್ಳುವವರು ಬಹಳ. ಕರ್ನಾಟಕದ ಹೆಚ್ಚಿನ ಭಾಗದಲ್ಲಿ ಅಂಥದ್ದು ಯಾವುದೂ ಇಲ್ಲ. ಇಲ್ಲಿನ ತಳ ಗ್ರಾನೈಟ್, ನೈಸ್ ಮುಂತಾದ ಗಟ್ಟಿ ಶಿಲೆಯದು. ಮೇಲ್ಮಣ್ಣಿನ ಕೆಳಗೆ, ಬಿಸಿಲು ಮಳೆಗೆ ಶಿಥಿಲಗೊಂಡ ಕಲ್ಲಿನ ಒಂದು ಪದರವಿದೆ. ಇದು ಸ್ಪಂಜಿನ ಹಾಗೆ ಒಂದಿಷ್ಟು ನೀರನ್ನು ಹಿಡಿದಿಡುತ್ತದೆ. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಅಜ್ಜಂದಿರ ಕಾಲದ ತೆರೆದ ಬಾವಿಗಳು ಮೇಲಿನ ಪದರದ ನೀರನ್ನು ಬಳಸುತ್ತಿದ್ದವು. ಒಂದು ಒಳ್ಳೆಯ ಮಳೆಗೆ ಅವು ಮತ್ತೆ ತುಂಬುತ್ತಿದ್ದವು. ಮಕ್ಕಳ ಕಾಲದ ಕೊಳವೆಬಾವಿಗಳು ಬಿರುಕುಗಳಿಗೆ ಕೈಹಾಕಿವೆ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ಅದು ಮತ್ತೆ ತುಂಬಲು ಬೇಕಾಗುವ ಕಾಲ ಹೆಚ್ಚು.

ಬಿರುಕಿಗೆ ಸರ್ವೆ ನಂಬರ್ ಗೊತ್ತಿಲ್ಲ. ಒಬ್ಬನ ಹೊಲದ ಕೆಳಗೆ ಹುಟ್ಟಿದ ಸೀಳು ಮೂರು ಹೊಲ ದಾಟಿ ಊರಿನ ಕುಡಿಯುವ ನೀರಿನ ಬಾವಿಯವರೆಗೂ ಹಬ್ಬಿರಬಹುದು. ಹೀಗಾಗಿ ಒಬ್ಬ ಪಂಪು ಹಾಕಿದರೆ ಇನ್ನೊಬ್ಬನ ಬಾವಿ ಬತ್ತುತ್ತದೆ. ಅವನು ಇನ್ನೂ ಇನ್ನೂರು ಅಡಿ ಕೆಳಗೆ ಇಳಿಯುತ್ತಾನೆ. ಈ ಪೈಪೋಟಿಯಲ್ಲಿ ಕೊನೆಗೆ ಗೆಲ್ಲುವವರು ಯಾರೂ ಇಲ್ಲ.

ಇನ್ನು ಕಾನೂನು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದಿಂದ ಬಂದ ತಿಳಿವಳಿಕೆಯೆಂದರೆ, ತನ್ನ ನೆಲದಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕು ಭೂಮಾಲೀಕನದು. ಏತ, ಕಪಿಲೆಗಳಲ್ಲಿ ನೀರೆತ್ತುತ್ತಿದ್ದ ಕಾಲಕ್ಕೆ ಇದು ಸಾಕಾಗಿತ್ತು. ಎತ್ತುಗಳು ಎಳೆದು ಖಾಲಿ ಮಾಡಬಹುದಾದ ನೀರಿಗೆ ಒಂದು ಮಿತಿ ಇತ್ತು. ಸಬ್‌ಮರ್ಸಿಬಲ್ ಪಂಪು ಬಂದ ಮೇಲೆ ಆ ಮಿತಿ ಹೋಯಿತು, ಕಾನೂನು ಮಾತ್ರ ಅಲ್ಲೇ ಉಳಿಯಿತು. ಸಂವಿಧಾನದ ಪ್ರಕಾರ ನೀರು ರಾಜ್ಯಪಟ್ಟಿಯ ವಿಷಯ. ಆದ್ದರಿಂದ ಕೇಂದ್ರ ಸರ್ಕಾರ 1970ರಲ್ಲೇ ಒಂದು ಮಾದರಿ ಮಸೂದೆ ಸಿದ್ಧಪಡಿಸಿ ರಾಜ್ಯಗಳಿಗೆ ಕಳುಹಿಸಿತು. ಅದರತ್ತ ರಾಜ್ಯಗಳು ಕಣ್ಣು ಹಾಯಿಸಲು ದಶಕಗಳೇ ಹಿಡಿದವು. ಕರ್ನಾಟಕ ಮೊದಲು ಕುಡಿಯುವ ನೀರಿನ ಮೂಲಗಳ ರಕ್ಷಣೆಗೆ 1999ರ ಕಾಯ್ದೆಯನ್ನು ರೂಪಿಸಿತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡಕೂಡದು ಎಂಬುದು ಅದರ ಮುಖ್ಯ ಮಾತು. ಆಮೇಲೆ ಬಂದದ್ದು 2011ರ ಅಂತರ್ಜಲ ನಿಯಂತ್ರಣ ಕಾಯ್ದೆ. ಇದರಡಿ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆಬಾವಿಗೆ ಅನುಮತಿ ಬೇಕು, ಇದ್ದವುಗಳ ನೋಂದಣಿ ಆಗಬೇಕು, ರಿಗ್ ಯಂತ್ರದವರೂ ಹೆಸರು ನೋಂದಾಯಿಸಬೇಕು.

ಕಾಯ್ದೆ ಇದ್ದರೆ ಅದನ್ನು ನಡೆಸುವ ಕೈಗಳೂ ಬೇಕು. ಒಂದು ಕೊಳವೆಬಾವಿಯ ಸುತ್ತ ಎಷ್ಟು ಕಚೇರಿಗಳಿವೆ ಎಂದು ಬೆರಳು ಮಡಚಿ ಎಣಿಸಿದರೆ ಆಶ್ಚರ್ಯವಾಗುತ್ತದೆ.

ಮೊದಲನೆಯದು ಕೇಂದ್ರ ಅಂತರ್ಜಲ ಮಂಡಳಿ. 1970ರಲ್ಲಿ ಈ ಹೆಸರು ಪಡೆದ ಈ ಸಂಸ್ಥೆ ದೇಶದಾದ್ಯಂತ ವೀಕ್ಷಣಾ ಬಾವಿಗಳನ್ನು ಗುರುತಿಸಿ, ವರ್ಷಕ್ಕೆ ನಾಲ್ಕು ಬಾರಿ ನೀರಿನ ಮಟ್ಟ ಅಳೆಯುತ್ತದೆ. ಎರಡನೆಯದು ರಾಜ್ಯದ ಅಂತರ್ಜಲ ನಿರ್ದೇಶನಾಲಯ; ಅದಕ್ಕೆ ತನ್ನದೇ ವೀಕ್ಷಣಾ ಬಾವಿಗಳಿವೆ. ಮೂರನೆಯದು 2011ರ ಕಾಯ್ದೆಯಡಿ ಅನುಮತಿ ಕೊಡುವ ಕರ್ನಾಟಕ ಅಂತರ್ಜಲ ಪ್ರಾಧಿಕಾರ ಮತ್ತು ಅದರ ಜಿಲ್ಲಾ ಸಮಿತಿ. ನಾಲ್ಕನೆಯದು ಪಂಪಿಗೆ ವಿದ್ಯುತ್ ಕೊಡುವ ಬೆಸ್ಕಾಂನಂಥ ಕಂಪನಿ. ಐದನೆಯದು ಹಳ್ಳಿಗೆ ಕುಡಿಯುವ ನೀರು ಒದಗಿಸುವ ಇಲಾಖೆ. ಆರನೆಯದು ಕೆರೆಗಳನ್ನು ನೋಡಿಕೊಳ್ಳುವ ಸಣ್ಣ ನೀರಾವರಿ ಇಲಾಖೆ. ಏಳನೆಯದು ಕೃಷಿ, ತೋಟಗಾರಿಕೆ ಇಲಾಖೆಗಳು. ಯಾವ ಬೆಳೆ, ಹನಿ ನೀರಾವರಿಯೇ ಕಾಲುವೆಯೇ ಎಂಬುದು ಅವುಗಳ ಮಾತು. ಎಂಟನೆಯದು ಕಾರ್ಖಾನೆಯ ಕೊಳಕು ನೆಲಕ್ಕಿಳಿಯದಂತೆ ಕಾಯಬೇಕಾದ ಮಾಲಿನ್ಯ ನಿಯಂತ್ರಣ ಮಂಡಳಿ. ಒಂಬತ್ತನೆಯದು ಮಳೆಯ ಲೆಕ್ಕ ಇಡುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ; ಅದರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಹತ್ತನೆಯದು ಗ್ರಾಮ ಪಂಚಾಯಿತಿ. ಊರಿನ ನಲ್ಲಿ ಒಣಗಿದರೆ ಜನ ಮೊದಲು ಹೋಗುವುದು ಅಲ್ಲಿಗೇ.

ಇವರೆಲ್ಲ ಕೂಡಿ ಮಾಡುವ ಕೆಲಸಕ್ಕೆ ಒಳ್ಳೆಯ ಉದಾಹರಣೆ ಅಂತರ್ಜಲದ ಲೆಕ್ಕಾಚಾರ. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಎಷ್ಟು ನೀರು ಇಂಗುತ್ತದೆ, ಅದರಲ್ಲಿ ಎಷ್ಟನ್ನು ಎತ್ತಬಹುದು, ನಿಜಕ್ಕೂ ಎಷ್ಟು ಎತ್ತಲಾಗುತ್ತಿದೆ ಎಂಬುದನ್ನು ಕೇಂದ್ರ ಮಂಡಳಿ ಮತ್ತು ರಾಜ್ಯದ ಇಲಾಖೆ ಜೊತೆಗೂಡಿ ಅಂದಾಜು ಮಾಡುತ್ತವೆ. ಮಳೆಯ ಅಂಕಿ ಒಂದು ಕಚೇರಿಯಿಂದ, ಪಂಪುಗಳ ಸಂಖ್ಯೆ ಇನ್ನೊಂದರಿಂದ, ಬೆಳೆಯ ವಿಸ್ತೀರ್ಣ ಮತ್ತೊಂದರಿಂದ ಬರಬೇಕು. ಮೊದಲು ಕೆಲವು ವರ್ಷಗಳಿಗೊಮ್ಮೆ ನಡೆಯುತ್ತಿದ್ದ ಈ ಅಂದಾಜು 2022ರಿಂದ ಪ್ರತಿ ವರ್ಷವೂ ನಡೆಯುತ್ತಿದೆ. ಎತ್ತಬಹುದಾದ ನೀರಿನಲ್ಲಿ ನೂರಕ್ಕೆ 70ರವರೆಗೆ ಬಳಸಿದರೆ ಆ ಪ್ರದೇಶ ಸುರಕ್ಷಿತ. 70ರಿಂದ 90 ಅರೆಗಂಭೀರ. 90ರಿಂದ 100 ಗಂಭೀರ. 100 ದಾಟಿದರೆ ಅತಿ ಬಳಕೆ. ನೂರು ದಾಟುವುದು ಹೇಗೆ ಎಂದು ಮಕ್ಕಳು ಕೇಳಬಹುದು. ಸಂಬಳಕ್ಕಿಂತ ಹೆಚ್ಚು ಖರ್ಚು ಮಾಡುವವನು ಹಳೆಯ ಉಳಿತಾಯಕ್ಕೆ ಕೈಹಾಕುವಂತೆ, ಇಲ್ಲಿ ಹಿಂದಿನ ತಲೆಮಾರುಗಳು ಉಳಿಸಿದ ಆಳದ ನೀರಿಗೆ ಕೈಹಾಕಲಾಗುತ್ತದೆ.

2024ರ ಅಂದಾಜಿನಲ್ಲಿ ಇಡೀ ದೇಶದ ಸರಾಸರಿ ಬಳಕೆ ನೂರಕ್ಕೆ ಸುಮಾರು 60. ಎತ್ತಿದ ನೀರಿನಲ್ಲಿ ನೂರಕ್ಕೆ 87ರಷ್ಟು ಹೋದದ್ದು ಬೇಸಾಯಕ್ಕೆ. ಸರಾಸರಿ ನೋಡಿದರೆ ಭಯಪಡುವಂಥದ್ದೇನೂ ಇಲ್ಲ ಎನಿಸುತ್ತದೆ. ಆದರೆ ಸರಾಸರಿಯ ನೀರಿನಿಂದ ಯಾರ ಬಾಯಾರಿಕೆಯೂ ತೀರುವುದಿಲ್ಲ. ಬ್ರಹ್ಮಪುತ್ರಾ ಕಣಿವೆಯಲ್ಲಿ ಉಳಿದ ನೀರು ಬಯಲುಸೀಮೆಯ ರೈತನ ಕೊಳವೆಗೆ ಬರುವುದಿಲ್ಲ. ಕೋಲಾರದ ತಾಲ್ಲೂಕುಗಳು ಒಂದಾದ ಮೇಲೊಂದು ಅಂದಾಜಿನಲ್ಲಿ ಅತಿ ಬಳಕೆಯ ಪಟ್ಟಿಯಲ್ಲೇ ಉಳಿದುಕೊಂಡು ಬಂದಿವೆ.

ಹತ್ತು ಕಚೇರಿಗಳಿದ್ದೂ ಹೀಗೇಕಾಯಿತು? ಒಂದು ಕೈ ಇಂಗಿಸಿದ್ದನ್ನು ಇನ್ನೊಂದು ಕೈ ಹೀರಿತು ಎಂಬುದೇ ಉತ್ತರ. ಒಂದು ಇಲಾಖೆ ಅಂತರ್ಜಲ ಕುಸಿಯುತ್ತಿದೆ ಎಂದು ವರದಿ ಬರೆಯುತ್ತಿದ್ದಾಗ, ಇನ್ನೊಂದು ಕಡೆ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಹರಿಯಿತು. ಬಡ ರೈತನಿಗೆ ಅದು ಆಸರೆ, ಸುಳ್ಳಲ್ಲ. ಆದರೆ ಕರೆಂಟು ಯಾವಾಗ ಬರುತ್ತದೋ ತಿಳಿಯದೆ ಸ್ವಿಚ್ಚನ್ನು ಹಾಗೇ ಬಿಟ್ಟು ಮಲಗುವ ಅಭ್ಯಾಸದಿಂದ, ಬೆಳೆಗೆ ಬೇಡವಾದ ನೀರೂ ಮೇಲೆ ಬಂತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೋಲಾರದ ಹೊಲಗಳಲ್ಲಿ ನೀಲಗಿರಿ ಬೆಳೆಯಲು ಪ್ರೋತ್ಸಾಹ ಸಿಕ್ಕಿತು. ಅದೇ ನೀಲಗಿರಿಯನ್ನು ಹೊಸದಾಗಿ ನೆಡಕೂಡದೆಂದು ಸರ್ಕಾರವೇ 2017ರಲ್ಲಿ ಆದೇಶಿಸಬೇಕಾಯಿತು.

ಅತ್ಯಂತ ನೋವಿನ ಉದಾಹರಣೆ ಫ್ಲೋರೈಡಿನದು. ಊರಿನ ಬಾವಿ ಬತ್ತಿದಾಗ ಕುಡಿಯುವ ನೀರಿಗಾಗಿ ಇನ್ನೂ ಆಳಕ್ಕೆ ಕೊರೆಯುವುದು ಸಹಜ. ಕಲ್ಲಿನ ಸಂಗದಲ್ಲಿ ಬಹುಕಾಲ ನಿಂತ ನೀರು, ಅದರಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸಾಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ, ಕೀಲು ಬಿಗಿಯುತ್ತವೆ. ಬಾವಿ ಕೊರೆದದ್ದು ಒಂದು ಇಲಾಖೆ, ನೀರು ಪರೀಕ್ಷಿಸಬೇಕಾದದ್ದು ಇನ್ನೊಂದು, ಚಿಕಿತ್ಸೆ ಕೊಡಬೇಕಾದದ್ದು ಆರೋಗ್ಯ ಇಲಾಖೆ. ಫ್ಲೋರೋಸಿಸ್ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 2008-09ರಲ್ಲಿ. ನೀರಿನ ವರದಿ ವೈದ್ಯರ ಮೇಜಿಗೂ, ವೈದ್ಯರ ವರದಿ ಎಂಜಿನಿಯರರ ಮೇಜಿಗೂ ಹೋಗದಿದ್ದರೆ, ಆ ಮಗುವಿನ ಹಲ್ಲಿನ ಕಲೆಗೆ ಯಾರೂ ಹೊಣೆಯಲ್ಲ.

ಇಲಾಖೆಗಳು ಒಂದಾಗಿ ನಿಂತರೆ ಏನಾಗುತ್ತದೆ ಎಂಬುದಕ್ಕೂ ಕೋಲಾರದಲ್ಲೇ ಉದಾಹರಣೆ ಇದೆ. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿಲ್ಲ. ಹಿಂದಿನವರು ಸಾವಿರಾರು ಕೆರೆ ಕಟ್ಟಿದರು. ಒಂದರ ಕೋಡಿ ಹರಿದು ಇನ್ನೊಂದು ತುಂಬುವಂತೆ ಸರಪಳಿ ಹೆಣೆದರು. ತೂಬು ಎತ್ತಿ ಇಳಿಸಲು ನೀರಗಂಟಿ ಇದ್ದ. ಮಳೆ ತಪ್ಪಿ, ಹೂಳು ತುಂಬಿ, ಕಾಲುವೆಗಳು ಮುಚ್ಚಿಹೋದ ಮೇಲೆ ಕೆರೆಗಳು ಜಾಲಿಯ ಕಾಡಾದವು. ಇತ್ತ ಬೆಂಗಳೂರಿನಿಂದ ಪ್ರತಿದಿನ ಕೋಟ್ಯಂತರ ಲೀಟರ್ ಬಳಸಿದ ನೀರು ಹೊರಬೀಳುತ್ತಿತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವುದೇ ಕೆ.ಸಿ. ವ್ಯಾಲಿ ಯೋಜನೆ. ಮೊದಲ ಹಂತದ ಗುರಿ ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಹೊಲಕ್ಕೆ ನೇರವಾಗಿ ಹಾಯಿಸಲಿಕ್ಕಲ್ಲ, ಕೆರೆಯ ಅಂಗಳದಲ್ಲಿ ನಿಲ್ಲಿಸಿ ನೆಲಕ್ಕೆ ಇಂಗಿಸಲಿಕ್ಕೆ.

ಇಲ್ಲಿ ನೀರು ಶುದ್ಧೀಕರಿಸುವುದು ಬೆಂಗಳೂರು ಜಲಮಂಡಳಿ, ಸಾಗಿಸುವುದು ಸಣ್ಣ ನೀರಾವರಿ ಇಲಾಖೆ, ಗುಣಮಟ್ಟದ ಮೇಲೆ ಕಣ್ಣಿಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಬಾವಿಗಳ ಮೇಲಾದ ಪರಿಣಾಮವನ್ನು ಅಭ್ಯಸಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆ. 2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಜನ ಪೂಜೆ ಮಾಡಿ ಬರಮಾಡಿಕೊಂಡರು. ಮರುತಿಂಗಳೇ ನೀರಿನ ಮೇಲೆ ನೊರೆ ಕಾಣಿಸಿತು. ವಿಷಯ ಹೈಕೋರ್ಟಿಗೆ ಹೋಯಿತು, ನೀರು ನಿಂತಿತು. ಪರೀಕ್ಷೆಗಳ ಬಳಿಕ ಮತ್ತೆ ಹರಿಯಿತು. 2019ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ತಡೆ ಬಂದು ತೆರವಾಯಿತು. ಈ ನೀರಿಗೆ ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂದು ಕೋಲಾರದ ರೈತ ಹೋರಾಟಗಾರರು ಪಟ್ಟುಹಿಡಿದರು. ಇನ್ನೊಂದೆಡೆ, ತುಂಬಿದ ಕೆರೆಗಳ ಸುತ್ತಲಿನ ಬಾವಿಗಳಲ್ಲಿ ನೀರಿನ ಮಟ್ಟ ಏರಿದ್ದನ್ನು ವಿಜ್ಞಾನ ಸಂಸ್ಥೆಯ ಅಧ್ಯಯನ ದಾಖಲಿಸಿತು. ಬತ್ತಿದ್ದ ಕೊಳವೆಗಳಿಗೆ ಮತ್ತೆ ಪಂಪು ಇಳಿಯಿತು.

ಎರಡೂ ಮಾತು ನಿಜ, ಎರಡನ್ನೂ ಒಟ್ಟಿಗೆ ನೆನಪಿಡಬೇಕು. ಕೆರೆಯ ನೀರಿನಲ್ಲಿ ತಪ್ಪು ಸೇರಿದರೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ನಾರುತ್ತದೆ. ನೆಲದೊಳಗೆ ಇಳಿದ ತಪ್ಪು ಕಾಣುವುದಿಲ್ಲ. ಹತ್ತು ವರ್ಷದ ನಂತರ ಯಾರದೋ ಬಾವಿಯಲ್ಲಿ ಮೇಲೆ ಬರುತ್ತದೆ. ಆದ್ದರಿಂದಲೇ ನೀರು ಹರಿಸುವ ಇಲಾಖೆಯೇ ಅದರ ಪರೀಕ್ಷಕನೂ ಆಗಬಾರದು. ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳೆದು ನೋಡುವುದು, ಆ ಅಳತೆಯನ್ನು ಜನರ ಮುಂದಿಡುವುದು, ಇದೂ ಸಹಕಾರದ ಒಂದು ಬಗೆಯೇ. ಒಳ್ಳೆಯ ಸಹಕಾರವೆಂದರೆ ಎಲ್ಲರೂ ತಲೆಯಾಡಿಸುವುದಲ್ಲ.

ಇನ್ನೊಂದು ಪ್ರಯತ್ನ ಅಟಲ್ ಭೂಜಲ ಯೋಜನೆ. 2019ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಏಳು ರಾಜ್ಯಗಳಿಗಾಗಿ 6,000 ಕೋಟಿ ರೂಪಾಯಿಯ ಈ ಯೋಜನೆ ಪ್ರಕಟಿಸಿತು. ಅರ್ಧ ಹಣ ವಿಶ್ವಬ್ಯಾಂಕಿನ ಸಾಲ. ಕರ್ನಾಟಕದಲ್ಲಿ 14 ಜಿಲ್ಲೆಗಳ 1,199 ಗ್ರಾಮ ಪಂಚಾಯಿತಿಗಳು ಇದಕ್ಕೆ ಆಯ್ಕೆಯಾದವು. ಇದರ ವಿಶೇಷವೆಂದರೆ ಹಣ ಬಿಡುಗಡೆಗೆ ಹಾಕಿದ ಷರತ್ತುಗಳು. ನೀರಿನ ಅಂಕಿಅಂಶವನ್ನು ಜನರಿಗೆ ತಿಳಿಸಿದ್ದೀರಾ? ಊರಿನವರೇ ಕುಳಿತು ಜಲಭದ್ರತಾ ಯೋಜನೆ ಮಾಡಿದ್ದೀರಾ? ಬೇರೆ ಬೇರೆ ಇಲಾಖೆಗಳ ಕಾಮಗಾರಿಯನ್ನು ಆ ಯೋಜನೆಯೊಳಗೆ ಸೇರಿಸಿದ್ದೀರಾ? ನೀರಿನ ಮಿತಬಳಕೆ ಹೆಚ್ಚಿತೇ? ಮಟ್ಟ ಕುಸಿಯುವುದು ನಿಧಾನವಾಯಿತೇ? ಇವಕ್ಕೆ ಉತ್ತರ ಸಿಕ್ಕಂತೆ ರಾಜ್ಯಕ್ಕೆ ಪ್ರೋತ್ಸಾಹಧನ. ಗುಂಡಿ ತೋಡಿದ್ದೇವೆ, ಬಿಲ್ಲು ಕೊಡಿ ಎಂದರೆ ಸಾಲದು.

ಈ ಯೋಜನೆಯ ತಿರುಳು ಊರಿನ ನೀರಿನ ಬಜೆಟ್. ಮನೆಯ ಬಜೆಟ್ ಹಾಕುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರಿಗೆ ಎಷ್ಟು ಮಳೆ ಬಂತು, ಎಷ್ಟು ಇಂಗಿತು ಎಂಬುದು ಜಮೆ. ಕುಡಿಯಲು, ದನಕರುಗಳಿಗೆ, ಬೆಳೆಗೆ ಎಷ್ಟು ಹೋಯಿತು ಎಂಬುದು ಖರ್ಚು. ಉದಾಹರಣೆಗೆ ಜಮೆ ನೂರು, ಖರ್ಚು ನೂರಮೂವತ್ತು ಎಂದು ಬಂದರೆ ಆ ಮೂವತ್ತನ್ನು ಹೊಂದಿಸುವುದು ಹೇಗೆ? ತೋಟಗಾರಿಕೆ ಇಲಾಖೆಯ ಸಹಾಯಧನದಿಂದ ಟೊಮೆಟೊಗೆ ಹನಿ ನೀರಾವರಿ ಹಾಕಿದರೆ ಸ್ವಲ್ಪ ಉಳಿಯುತ್ತದೆ. ಉದ್ಯೋಗ ಖಾತರಿಯಂಥ ಕೆಲಸದಲ್ಲಿ ಕೆರೆಯ ಕಾಲುವೆಯ ಹೂಳು ತೆಗೆದರೆ ಸ್ವಲ್ಪ ಸೇರುತ್ತದೆ. ಒಂದು ಹಂಗಾಮಿಗೆ ಹೆಚ್ಚು ನೀರಿನ ಬೆಳೆ ಬಿಟ್ಟು ರಾಗಿ, ಹುರುಳಿ ಹಾಕಿದರೆ ಇನ್ನಷ್ಟು. ಯಾವ ಒಂದು ಇಲಾಖೆಯೂ ಮೂವತ್ತನ್ನು ತಾನೊಬ್ಬನೇ ತರಲಾರದು. ಐದು, ಏಳು, ಹತ್ತು ಎಂದು ಕೂಡಿಸಬೇಕು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಲೆಕ್ಕದ ಪುಸ್ತಕದಲ್ಲೂ ಸರಿಯೇ.

ಬೆಂಗಳೂರು ಈ ಪಾಠವನ್ನು 2024ರ ಬೇಸಿಗೆಯಲ್ಲಿ ಕಲಿಯಿತು. ಮಳೆ ಕೈಕೊಟ್ಟ ವರ್ಷದ ಹಿಂದೆಯೇ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ಗೊತ್ತುಮಾಡಬೇಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆಯಬಾರದೆಂದು ಜಲಮಂಡಳಿ ಆದೇಶ ಹೊರಡಿಸಿತು. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗಬಾರದೆಂದರೆ ಮಳೆಗಾಲದಲ್ಲೇ ಬೇಸಿಗೆಯ ಚಿಂತೆ ಮಾಡಬೇಕು.

ಇನ್ನು ಬತ್ತಿದ ಕೊಳವೆಬಾವಿಯ ಕಥೆ. ನೀರು ಸಿಗದ ಕುಳಿಯನ್ನು ಹಾಗೇ ಬಿಟ್ಟರೆ ಅದು ಮಕ್ಕಳ ಪಾಲಿನ ಮೃತ್ಯುಕೂಪ. ಕರ್ನಾಟಕದಲ್ಲೇ ಇಂಥ ದುರಂತಗಳು ಮತ್ತೆ ಮತ್ತೆ ನಡೆದಿವೆ. 2010ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ನಿರ್ದೇಶನ ನೀಡಿತು. ಬಾವಿ ತೋಡುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಕೊರೆಯುವ ಜಾಗದಲ್ಲಿ ಫಲಕ ಮತ್ತು ಬೇಲಿ ಇರಬೇಕು, ಕೇಸಿಂಗ್ ಪೈಪಿಗೆ ಮುಚ್ಚಳ ಬೇಕು, ಕೈಬಿಟ್ಟ ಬಾವಿಯನ್ನು ತಳದಿಂದ ಬಾಯಿಯವರೆಗೆ ತುಂಬಬೇಕು. ಇದಕ್ಕೆ ಹತ್ತು ಕಚೇರಿಗಳ ಅಗತ್ಯವಿಲ್ಲ. ಹೊಲದ ದಾರಿಯಲ್ಲಿ ಬಾಯಿತೆರೆದ ಕುಳಿ ಕಂಡ ವಿದ್ಯಾರ್ಥಿ ಹತ್ತಿರ ಹೋಗದೆ, ಮನೆಯ ಹಿರಿಯರಿಗೂ ಪಂಚಾಯಿತಿಗೂ ಅಂದೇ ತಿಳಿಸಿದರೆ ಒಂದು ಜೀವ ಉಳಿದೀತು.

ಶಾಲೆಯಲ್ಲಿ ಮಾಡಬಹುದಾದ ಕೆಲಸಗಳೂ ಇವೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆಯಾದರೆ 70,000 ಲೀಟರ್. ಆವಿಯಾಗಿ, ಚೆಲ್ಲಿಹೋಗಿ ಐದರಲ್ಲೊಂದು ಭಾಗ ನಷ್ಟವಾದರೂ 56,000 ಲೀಟರ್ ಕೈಗೆ ಸಿಗುತ್ತದೆ. ತಮ್ಮ ಶಾಲೆಯ ಚಾವಣಿ ಎಷ್ಟು, ತಮ್ಮ ಊರಿನ ಮಳೆ ಎಷ್ಟು ಎಂದು ಎಂಟನೆಯ ತರಗತಿಯ ಮಕ್ಕಳೇ ಈ ಲೆಕ್ಕ ಮಾಡಬಲ್ಲರು. ಊರಿನಲ್ಲಿ ತೆರೆದ ಬಾವಿ ಉಳಿದಿದ್ದರೆ ಶಿಕ್ಷಕರ ಜೊತೆ ಹೋಗಿ, ಕಟ್ಟೆಯ ಒಂದೇ ಗುರುತಿನಿಂದ ಪ್ರತಿ ತಿಂಗಳ ಮೊದಲ ದಿನ ಹಗ್ಗ ಇಳಿಬಿಟ್ಟು ನೀರಿನ ಆಳ ಅಳೆದು ಬರೆದಿಡಬಹುದು. ಪಕ್ಕದಲ್ಲೇ ಆ ತಿಂಗಳ ಮಳೆಯನ್ನೂ ಬರೆದರೆ, ವರ್ಷ ತುಂಬುವ ಹೊತ್ತಿಗೆ ದೊಡ್ಡ ಇಲಾಖೆಗಳು ಮಾಡುವ ಕೆಲಸದ ಪುಟ್ಟ ಪ್ರತಿ ನೋಟುಬುಕ್ಕಿನಲ್ಲಿ ಸಿದ್ಧ.

ತಂದೆತಾಯಿಯರು ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ನಮ್ಮ ತಾಲ್ಲೂಕು ಯಾವ ಪಟ್ಟಿಯಲ್ಲಿದೆ? ಶಾಲೆಯ ಕುಡಿಯುವ ನೀರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ಫಲಿತಾಂಶವೇನು? ಊರಿನ ಕೆರೆಗೆ ನೀರು ತರುವ ಕಾಲುವೆ ತೆರೆದಿದೆಯೇ? ಈ ಮೂರಕ್ಕೆ ಉತ್ತರ ಕೊಡಲು ನಾಲ್ಕಾರು ಇಲಾಖೆಗಳು ಒಂದೇ ಮೇಜಿನ ಸುತ್ತ ಕೂರಬೇಕಾಗುತ್ತದೆ. ಕಡತಗಳು ತಾವಾಗಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ನಡೆದುಹೋಗುವುದಿಲ್ಲ. ಕೇಳುವವರು ಇದ್ದರೆ ಕೊಂಚ ಬೇಗ ನಡೆಯುತ್ತವೆ.

ಅಂತೂ ಮೊದಲಿನ ಪ್ರಶ್ನೆ ಉಳಿಯಿತು. ನೆಲದಡಿಯ ನೀರು ಯಾರದ್ದು? ಹಳೆಯ ಕಾನೂನು ಒಡೆಯನದ್ದು ಎಂದಿತು, ಹೊಸ ಕಾನೂನು ಎಲ್ಲರ ಹಿತ ನೋಡಿ ಬಳಸು ಎನ್ನುತ್ತಿದೆ. ಕಲ್ಲಿನ ಬಿರುಕು ಮಾತ್ರ ಮೊದಲಿನಿಂದಲೂ ಒಂದೇ ಮಾತು ಹೇಳುತ್ತಿದೆ: ಇಳಿಸಿದಷ್ಟನ್ನೇ ಎತ್ತಿಕೊಳ್ಳಿ. ಬದುವಿನ ಮೇಲೆ ಕಂಬಳಿ ಹೊದ್ದು ಕುಳಿತ ರೈತನಿಗೆ ಬೇಕಾದದ್ದು ಇನ್ನೂರು ಅಡಿ ಹೆಚ್ಚಿನ ಪೈಪಲ್ಲ. ಅವನೂ, ಅವನ ನೆರೆಯವನೂ, ಆ ಹತ್ತು ಕಚೇರಿಗಳೂ ಒಂದೇ ಲೆಕ್ಕದ ಪುಸ್ತಕ ನೋಡುವ ದಿನ ಬರಬೇಕು.